ಲಸಾನ್ಯಕ್ಕೆ ನಮ್ಮ ಸೀಮೆಯ ನೀರಿನ ಲೆಕ್ಕ

ಇಟಲಿಯ ಪದರದಡುಗೆ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಒಲೆ ಏರಿದರೆ ಏನನ್ನು ಬದಲಿಸಬಹುದು, ಏನನ್ನು ಬದಲಿಸಬಾರದು? ಬನ್ಸಿ ರವೆಯ ಹಾಳೆಯಿಂದ ಖಟಕ್ ರೊಟ್ಟಿಯವರೆಗೆ, ಖೀಮಾದಿಂದ ಪುಂಡಿಪಲ್ಲೆಯವರೆಗೆ ಒಂದು ಸುತ್ತು.

ಮನೆಯಲ್ಲೇ ಲಸಾನ್ಯ ಮಾಡಬೇಕೆಂದು ಚೀಲ ಹಿಡಿದು ಸಿಂಧನೂರಿನ ಪೇಟೆಗೆ ಹೊರಟರೆ ಕೈಗೆ ಸಿಗದ ಸಾಮಾನು ಒಂದೇ, ಸೆಲರಿ. ಉಳಿದದ್ದೆಲ್ಲ ಇದೆ. ಟೊಮೆಟೊ, ಉಳ್ಳಾಗಡ್ಡಿ, ಬಳ್ಳೊಳ್ಳಿ, ಗಜ್ಜರಿ ಸಂತೆಯಲ್ಲಿ ರಾಶಿ ಬಿದ್ದಿರುತ್ತವೆ. ಎಮ್ಮೆ ಹಾಲು ಬಾಗಿಲಿಗೆ ಬರುತ್ತದೆ. ಮೈದಾ, ಬನ್ಸಿ ರವೆ ಯಾವ ಕಿರಾಣಿ ಅಂಗಡಿಯಲ್ಲಾದರೂ ಸಿಗುತ್ತವೆ. ಖೀಮಾ ಬೇಕೆಂದರೆ ಮಟನ್ ಅಂಗಡಿಯಲ್ಲಿ ಕಣ್ಣೆದುರೇ ಕೊಚ್ಚಿ ಕೊಡುತ್ತಾರೆ. ಚೀಸ್ ಒಂದಕ್ಕೆ ಫ್ರಿಜ್ ಇಟ್ಟಿರುವ ದೊಡ್ಡ ಅಂಗಡಿ ಹುಡುಕಬೇಕು. ಸೆಲರಿಯ ಜಾಗಕ್ಕೆ ಕೊತ್ತಂಬರಿಯ ದಂಟು ಹೆಚ್ಚಿ ಹಾಕಿದರೆ ಆಯಿತು, ಅದೂ ಬೇಡವೆಂದು ಬಿಟ್ಟರೂ ನಷ್ಟವೇನಿಲ್ಲ.

ಹೊರಗಿನ ಊಟ ಈ ಸೀಮೆಗೆ ಹೊಸದೂ ಅಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಬರುವ ಮೊದಲು ಸಿಂಧನೂರಿನ ಎರೆಹೊಲಗಳಲ್ಲಿ ಜೋಳ, ಹತ್ತಿ, ಕಡಲೆ. 1953ರಲ್ಲಿ ಅಣೆಕಟ್ಟು ಮುಗಿದು ಕಾಲುವೆಗೆ ನೀರು ಹರಿದ ಮೇಲೆ ಭತ್ತ ಬಂತು. ಭತ್ತದ ಬೆನ್ನಿಗೆ ಆಂಧ್ರದ ರೈತರು ಬಂದು ಕ್ಯಾಂಪು ಕಟ್ಟಿಕೊಂಡರು. ಮುಂದೆ ಪೂರ್ವ ಬಂಗಾಳದ ನಿರಾಶ್ರಿತರಿಗೂ ಇದೇ ತಾಲ್ಲೂಕಿನಲ್ಲಿ ನೆಲೆ ಸಿಕ್ಕಿತು. ನಮ್ಮ ಪುಂಡಿಪಲ್ಲೆ, ಆಂಧ್ರದವರ ಗೊಂಗೂರ ಪಚ್ಚಡಿ, ಬಂಗಾಳದವರ ಸಾಸಿವೆ ಹಾಕಿದ ಮೀನಿನ ಸಾರು ಒಂದೇ ಸಂತೆಯ ಸಾಮಾನಿನಿಂದ ಆಗುತ್ತವೆ. ಅತ್ತ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ನಾಲ್ಕು ಕಡೆಯ ಜನರನ್ನು ತಂದು ಕೂಡಿಸಿದೆ. ಇಂಥ ಊರುಗಳ ಮಕ್ಕಳು ಬೆಂಗಳೂರು, ಹೈದರಾಬಾದಿನಲ್ಲಿ ಓದಿ ಬಂದು, ಅಲ್ಲಿ ತಿಂದದ್ದನ್ನು ಮನೆಯಲ್ಲಿ ಮಾಡಿಕೊಡು ಎಂದು ಕೇಳಿದರೆ ಆಶ್ಚರ್ಯವೇನು?

ಕೇಳಿದವರಿಗೆ ಮಾಡಿಕೊಡುವವರು ಮೊದಲು ಹೆದರುವುದು ಹೆಸರಿಗೆ. ಒಳಗಿರುವುದು ಮೂರೇ ಕೆಲಸ: ಹಿಟ್ಟಿನ ತೆಳು ಹಾಳೆ, ಅದಕ್ಕೆ ನೀರೂ ರುಚಿಯೂ ಕೊಡುವ ಸಾರು, ಮೇಲೆ ಕಂದು ಬಣ್ಣಕ್ಕೆ ತಿರುಗುವ ಚೀಸು. ಹಾಳೆ, ಸಾರು, ಹಾಳೆ, ಸಾರು ಎಂದು ನಾಲ್ಕೈದು ಪದರ ಒಟ್ಟಿ, ಒಳಗೂ ಮೇಲೂ ಶಾಖ ತಾಗುವಂತೆ ಬೇಯಿಸುವುದು. ರುಚಿ ಯಾವುದೇ ಇರಲಿ, ಪದರ ನಿಲ್ಲುವುದೂ ಬೀಳುವುದೂ ಒಂದೇ ಸಂಗತಿಯ ಮೇಲೆ: ಹಾಳೆ ಎಷ್ಟು ನೀರು ಕುಡಿಯುತ್ತದೆ, ಸಾರು ಎಷ್ಟು ನೀರು ಕೊಡುತ್ತದೆ. ಈ ಲೆಕ್ಕ ಕೈಗೆ ಹತ್ತಿದರೆ ಮಿಕ್ಕದ್ದನ್ನೆಲ್ಲ ನಮ್ಮ ನಾಲಗೆಗೆ ತಕ್ಕಂತೆ ತಿದ್ದಿಕೊಳ್ಳಬಹುದು.

ಮೂಲ ವಿಧಾನ ಯಾವುದು?

ತಿದ್ದುವ ಮಾತೆತ್ತಿದರೆ, ಹಾಗೆ ಮಾಡಿದರೆ ಅದು ಅಸಲಿ ಲಸಾನ್ಯ ಹೇಗಾದೀತು ಎಂದು ಮೂಗು ಮುರಿಯುವವರು ಇದ್ದೇ ಇರುತ್ತಾರೆ. ಅಸಲಿಯ ಜಾಡು ಹಿಡಿದು ಹೋದರೆ ತಮಾಷೆಯಾಗಿದೆ. ನೇಪಲ್ಸ್‌ನ ಅರಮನೆಗೆ ಸಂಬಂಧಿಸಿದ್ದೆಂದು ಹೇಳುವ, ಸುಮಾರು 700 ವರ್ಷ ಹಳೆಯದಾದ ‘ಲಿಬೆರ್ ದೆ ಕೊಕ್ವಿನಾ’ ಎಂಬ ಲ್ಯಾಟಿನ್ ಪಾಕಗ್ರಂಥದಲ್ಲಿ ಲಸಾನ್ಯ ಇದೆ. ಹುಳಿ ಬಂದ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಮೂರು ಬೆರಳಗಲದ ಚೌಕ ಕೊಯ್ದು, ಉಪ್ಪುನೀರಿನಲ್ಲಿ ಕುದಿಸಿ, ತುರಿದ ಚೀಸು ಮತ್ತು ಮಸಾಲೆ ಪುಡಿಯನ್ನು ಪದರ ಪದರವಾಗಿ ಉದುರಿಸಿ, ಚೂಪಾದ ಕಟ್ಟಿಗೆಯ ಕಡ್ಡಿಯಿಂದ ಚುಚ್ಚಿ ತಿನ್ನುವ ಪದಾರ್ಥ ಅದು. ಟೊಮೆಟೊ ಇಲ್ಲ, ಖೀಮಾ ಇಲ್ಲ, ಬಿಳಿ ಸಾಸ್ ಇಲ್ಲ.

ಟೊಮೆಟೊ ಇರಲು ಸಾಧ್ಯವೂ ಇರಲಿಲ್ಲ. ಅದು ಅಮೆರಿಕ ಖಂಡದ ಕಾಯಿ, ಯುರೋಪಿಗೆ ಬಂದದ್ದು 16ನೇ ಶತಮಾನದಲ್ಲಿ, ಇಟಲಿಯ ಅಡುಗೆಯಲ್ಲಿ ನೆಲೆಯಾಗಲು ಇನ್ನೂ ಬಹುಕಾಲ ಹಿಡಿಯಿತು. ನಮ್ಮ ಒಣಮೆಣಸಿನಕಾಯಿ, ಶೇಂಗಾಗಳ ಕಥೆಯೂ ಅದೇ. ಅವೂ ಅಮೆರಿಕದಿಂದಲೇ ಹಡಗು ಹತ್ತಿ ಬಂದವು. ಖಾರಪುಡಿ, ಶೇಂಗಾಹಿಂಡಿ ಇಲ್ಲದ ರಾಯಚೂರು ಜಿಲ್ಲೆಯ ಊಟವನ್ನು ಈಗ ಊಹಿಸಿಕೊಳ್ಳುವುದೂ ಕಷ್ಟ, ಅಷ್ಟರಮಟ್ಟಿಗೆ ಬಂದವರು ಮನೆಯವರಾದರು.

ಇಟಲಿಯ ಒಳಗೂ ಒಂದು ಊರಿನ ಲಸಾನ್ಯ ಇನ್ನೊಂದು ಊರಿನದಲ್ಲ. ಬೊಲೊನ್ಯಾದಲ್ಲಿ ಹಾಳೆಗೆ ಪಾಲಕ್ ಅರೆದು ಹಾಕಿ ಹಸಿರು ಮಾಡುತ್ತಾರೆ. ನಡುವೆ ರಗು ಎಂಬ ಮಾಂಸದ ಗಟ್ಟಿ ಸಾರು ಮತ್ತು ಹಾಲಿನ ಬಿಳಿ ಸಾಸ್. ನೇಪಲ್ಸ್‌ನಲ್ಲಿ ಕಾರ್ನಿವಲ್ ಹಬ್ಬಕ್ಕೆ ಮಾಡುವ ಲಸಾನ್ಯದಲ್ಲಿ ಬಿಳಿ ಸಾಸ್‌ನ ಬದಲು ರಿಕೋಟಾ ಎಂಬ ಮೆತ್ತನೆ ಚೀಸು, ಜೊತೆಗೆ ಸಣ್ಣ ಸಣ್ಣ ಮಾಂಸದ ಉಂಡೆ, ಬೇಯಿಸಿದ ಮೊಟ್ಟೆ. ಅಬ್ರುಟ್ಸೊ ಪ್ರಾಂತ್ಯದವರು ಹಾಳೆಯನ್ನೇ ಬಿಟ್ಟು ತೆಳು ದೋಸೆಗಳನ್ನು ಪದರವಾಗಿಟ್ಟು ತಿಂಬಾಲ್ಲೊ ಮಾಡುತ್ತಾರೆ. ಬೊಲೊನ್ಯಾದ ರಗು ಹೀಗೇ ಇರಬೇಕೆಂದು ಇಟಲಿಯ ಪಾಕ ಅಕಾಡೆಮಿ 1982ರ ಅಕ್ಟೋಬರ್ 17ರಂದು ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ವಿಧಾನ ಬರೆದಿಟ್ಟಿತು. 2023ರಲ್ಲಿ ಅದೇ ಅಕಾಡೆಮಿ ಅದನ್ನು ತಿದ್ದಿ ಹೊಸದಾಗಿ ದಾಖಲಿಸಿತು.

ಶಾವಿಗೆಯ ಕೈಗೆ ಹಾಳೆ ಕಷ್ಟವಲ್ಲ

ಲಸಾನ್ಯ ಶೀಟ್ ಎಂಬ ಪೊಟ್ಟಣ ದೊಡ್ಡ ಊರುಗಳಲ್ಲಿ ಸಿಗುತ್ತದೆ. ಇಲ್ಲಿ ಅದಕ್ಕಾಗಿ ಕಾಯುವ ಅಗತ್ಯವಿಲ್ಲ. ಬೇಸಿಗೆ ಬಂದರೆ ಗೋಧಿ ತೋಯಿಸಿ, ಒಣಗಿಸಿ, ಬೀಸಿಸಿ, ಜರಡಿ ಹಿಡಿದು, ಗಟ್ಟಿ ಹಿಟ್ಟು ನಾದಿ ಶಾವಿಗೆ ಹೊಸೆಯುತ್ತಿದ್ದ, ಈಗ ಮಿಷನ್ನಿಗೆ ಹಾಕಿಸಿ ಮಾಳಿಗೆಯ ಮೇಲೆ ಹರವುವ ಮನೆಗಳು ಇವು. ಮದುವೆ ಬಂತೆಂದರೆ ಗೌಲಿ, ಪರಡಿ ಎಂದು ಬೆರಳ ತುದಿಯಲ್ಲೇ ಒಂದೊಂದು ಆಕಾರ ಮಾಡುತ್ತಿದ್ದ ಹೆಣ್ಣುಮಕ್ಕಳಿಗೆ ಚೌಕದ ಹಾಳೆ ಲಟ್ಟಿಸುವುದೊಂದು ದೊಡ್ಡ ಮಾತೇ?

ಹಿಟ್ಟಿನ ಆಯ್ಕೆ ಮಾತ್ರ ತಿಳಿದು ಮಾಡಬೇಕು. ಉಪ್ಪಿಟ್ಟಿಗೆ ತರುವ ಬನ್ಸಿ ರವೆ ಡ್ಯೂರಂ ಗೋಧಿಯದು. ಇಟಲಿಯ ಒಣ ಪಾಸ್ತಾದ ಗೋಧಿಯೂ ಅದೇ ಜಾತಿ. ಒಣ ಪಾಸ್ತಾವನ್ನು ಡ್ಯೂರಂನಿಂದಲೇ ಮಾಡಬೇಕೆಂದು 1967ರಲ್ಲಿ ಅಲ್ಲಿ ಕಾನೂನೇ ಆಗಿದೆ. ಕಾಳು ಗಟ್ಟಿ, ಬಣ್ಣ ಹಳದಿ, ಬೆಂದ ಮೇಲೂ ಮುದ್ದೆಯಾಗದೆ ಕಚ್ಚಿದರೆ ಹಲ್ಲಿಗೆ ಸಿಗುವ ಗುಣ. ಅಂಗಡಿಯ ಬನ್ಸಿ ರವೆ ದಪ್ಪ ಇರುವುದರಿಂದ ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ ಜರಡಿ ಹಿಡಿದರೆ ಸಾಕು. ಬೆಳಗಾವಿ, ಬಾಗಲಕೋಟೆ ಕಡೆಯ ಬಂಧುಗಳಿದ್ದರೆ ಸದಕ ಗೋಧಿ ತರಿಸಿಕೊಳ್ಳಬಹುದು. ಧಾರವಾಡ ಕೃಷಿ ವಿಶ್ವವಿದ್ಯಾಲಯ ಇದರಲ್ಲಿ ಡಿಡಿಕೆ 1025, ಡಿಡಿಕೆ 1029ರಂಥ ತಳಿಗಳನ್ನು ಕೊಟ್ಟಿದೆ. ಹೋಳಿಗೆಗೂ ಮಾದ್ಲಿಗೂ ಹೆಸರಾದ ಈ ಗೋಧಿಯ ಹಿಟ್ಟು ಹಿಗ್ಗುವುದು ಕಡಿಮೆ. ಆದ್ದರಿಂದ ಅರ್ಧಕ್ಕರ್ಧ ಬನ್ಸಿ ಬೆರೆಸಿ ನಾದುವುದು ಲೇಸು.

ತತ್ತಿ ನಡೆಯುವ ಮನೆಯಾದರೆ ಇಟಲಿಯ ಉತ್ತರದವರ ಹಳೆಯ ಅಳತೆ ನೆನಪಿಡಲು ಸುಲಭ: 100 ಗ್ರಾಂ ಮೈದಾಕ್ಕೆ ಒಂದು ತತ್ತಿ, ನೀರೇ ಬೇಡ. ತತ್ತಿ ಬೇಡವೆಂದರೆ 200 ಗ್ರಾಂ ಸಣ್ಣ ಬನ್ಸಿ ರವೆಗೆ ಸುಮಾರು 100 ಮಿಲಿ ಬಿಸಿನೀರು, ಚಿಟಿಕೆ ಉಪ್ಪು. ಮೊದಲು ಉದುರುದುರಾಗಿ ಕೈಯಿಂದ ಜಾರುತ್ತದೆ. ಇನ್ನಷ್ಟು ನೀರು ಹಾಕೋಣ ಎನಿಸುತ್ತದೆ, ಹಾಕಬಾರದು. ಅಂಗೈಯ ಬುಡದಿಂದ ಒತ್ತುತ್ತ, ಮಡಚುತ್ತ, ಮತ್ತೆ ಒತ್ತುತ್ತ ಹತ್ತು ನಿಮಿಷ ನಾದಿದರೆ ರವೆಯ ಕಣಗಳು ನೀರು ಎಳೆದುಕೊಂಡು ಹಿಟ್ಟಿನ ಮೈ ನುಣುಪಾಗುತ್ತದೆ. ಬೆರಳಿನಿಂದ ಒತ್ತಿದ ಕುಳಿ ನಿಧಾನಕ್ಕೆ ಮೇಲೇಳಬೇಕು. ಹಸಿ ಬಟ್ಟೆ ಹೊದಿಸಿ ಅರ್ಧ ಗಂಟೆ ಬಿಟ್ಟು ಲಟ್ಟಿಸಿದರೆ ಹಾಳೆ ಹಿಂದಕ್ಕೆ ಸೆಳೆಯುವುದಿಲ್ಲ. ಹೂರಣದ ಹೋಳಿಗೆಗಿಂತ ತೆಳ್ಳಗೆ, ಎತ್ತಿ ಬೆಳಕಿಗೆ ಹಿಡಿದರೆ ಹಿಂದಿನ ಬೆರಳು ಮಸುಕಾಗಿ ಕಾಣುವಷ್ಟಾದರೆ ಸರಿ.

ಅವ್ವನ ಪ್ರಶ್ನೆ

ಹಾಳೆಗಳನ್ನು ಕುದಿವ ನೀರಿಗೆ ಬಿಟ್ಟು, ಒಂದೇ ನಿಮಿಷಕ್ಕೆ ಎತ್ತಿ, ತಣ್ಣೀರಿಗೆ ಹಾಕಿ, ಬಟ್ಟೆಯ ಮೇಲೆ ಹರವುವುದು ಇಟಲಿಯವರ ಪದ್ಧತಿ. ಇದನ್ನು ನೋಡುತ್ತ ಕೂತಿದ್ದ ನಮ್ಮವ್ವ ಕೇಳಿದ್ದು ಹೀಗೆ: “ಕುದಿಸಿ, ಬಸಿದು, ಆರಿಸಿ ಮತ್ತ ಬೇಯ್ಸೂದ್ಯಾಕವಾ? ಹಸೀದ ಇಟ್ರ ಬೇಯಂಗಿಲ್ಲೇನು?”

ಬೇಯುತ್ತದೆ. ಆದರೆ ಆಗ ಅದಕ್ಕೆ ಬೇಕಾದ ನೀರನ್ನು ಸಾರಿನಲ್ಲಿ ಮೊದಲೇ ಇಟ್ಟಿರಬೇಕು. 100 ಗ್ರಾಂ ಒಣ ಪಾಸ್ತಾ ಬೆಂದರೆ 200 ಗ್ರಾಂಗಿಂತ ತುಸು ಹೆಚ್ಚೇ ತೂಗುತ್ತದೆ. ಎಂದರೆ ತನ್ನ ತೂಕದಷ್ಟು ನೀರು ಕುಡಿಯುತ್ತದೆ. ಪೊಟ್ಟಣದ 250 ಗ್ರಾಂ ಹಾಳೆಯನ್ನು ಕುದಿಸದೆ ಹಾಗೇ ಇಡುವುದಾದರೆ ಕೆಂಪು, ಬಿಳಿ ಎರಡೂ ಸಾಸ್ ಸೇರಿ ಸುಮಾರು 250 ಮಿಲಿ, ಅಂದರೆ ದೊಡ್ಡ ಲೋಟದಷ್ಟು ನೀರು ಹೆಚ್ಚಿಗೆ ಇರಬೇಕು. ಮನೆಯಲ್ಲಿ ನಾದಿದ ಹಸಿ ಹಾಳೆಯಲ್ಲಿ ಆಗಲೇ ಅರ್ಧ ನೀರು ಕೂತಿರುತ್ತದೆ, ಅದಕ್ಕೆ ಈ ಹೆಚ್ಚುವರಿ ನೀರಿನ ಅರ್ಧ ಸಾಕು. ಕುದಿಸಿದ ಹಾಳೆಗೆ ಹೆಚ್ಚಿಗೆ ಏನೂ ಬೇಡ, ಅದರ ಮೇಲೆ ತೆಳು ಸಾಸ್ ಸುರಿದರೆ ತಟ್ಟೆಯಲ್ಲಿ ಕೆರೆ ಕಟ್ಟುತ್ತದೆ. ಬರೆದಿಟ್ಟ ವಿಧಾನವನ್ನು ಅಕ್ಷರಶಃ ಪಾಲಿಸಿದರೂ ಲಸಾನ್ಯ ಕೆಡುವುದು ಇಲ್ಲೇ: ಒಂದು ಬಗೆಯ ಹಾಳೆಗೆ ಬರೆದ ಸಾಸ್‌ನ ಅಳತೆಯನ್ನು ಇನ್ನೊಂದು ಬಗೆಯ ಹಾಳೆಗೆ ಹಚ್ಚುವುದು.

ನೀರು ಎಷ್ಟಿದೆ ಎಂಬಷ್ಟೇ ಮುಖ್ಯ ಅದು ಎಲ್ಲಿಗೆ ತಲುಪುತ್ತದೆ ಎಂಬುದು. ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲ್ಭಾಗದ ಗದ್ದೆ ತುಂಬಿ ತುಳುಕುವಾಗ ಮಾನ್ವಿ, ಸಿರವಾರ ಕಡೆಯ ಕೊನೆಭಾಗದ ರೈತರು ಕಾಲುವೆಯತ್ತ ನೋಡುತ್ತ ನಿಲ್ಲುವುದು ಪ್ರತಿ ಹಂಗಾಮಿನ ಸುದ್ದಿ. ಲಸಾನ್ಯದ ಕೊನೆಭಾಗ ಎಂದರೆ ಟ್ರೇಯ ನಾಲ್ಕು ಮೂಲೆ. ಚಮಚದಿಂದ ನಡುವೆ ಸುರಿದ ಸಾಸ್ ತಾನಾಗಿ ಮೂಲೆಗೆ ಹರಿಯುವುದಿಲ್ಲ. ನಡುಭಾಗ ಮೆತ್ತಗಾಗಿ, ಮೂಲೆಯ ಹಾಳೆ ಒಣಗಿ ಹಪ್ಪಳವಾಗಿ ಏಳುತ್ತದೆ. ಆದ್ದರಿಂದ ಸಾಸ್ ಹರವುವಾಗ ಮೊದಲು ಮೂಲೆ, ಆಮೇಲೆ ಅಂಚು, ಕೊನೆಗೆ ನಡು. ತಳಕ್ಕೂ ಒಂದು ತೆಳು ಪದರ ಸಾಸ್ ಬೇಕು, ಇಲ್ಲದಿದ್ದರೆ ಮೊದಲ ಹಾಳೆ ಪಾತ್ರೆಗೇ ಅಂಟಿಕೊಳ್ಳುತ್ತದೆ.

ಕೆಂಪು, ಬಿಳಿ, ಖಾರ

ಕೆಂಪು ಸಾಸ್‌ಗೆ ಒಂದು ಕಿಲೋ ಟೊಮೆಟೊ. ಜವಾರಿ ಹಣ್ಣಾದರೆ ಹುಳಿಯೂ ಹೆಚ್ಚು, ರಸವೂ ಹೆಚ್ಚು, ಕುದಿಸುವ ಹೊತ್ತೂ ಹೆಚ್ಚು. ಹೈಬ್ರಿಡ್ ಹಣ್ಣು ಬೇಗ ಗಟ್ಟಿಯಾಗುತ್ತದೆ, ಆದರೆ ಹುಳಿ ಸಾಲದು. ಎರಡನ್ನೂ ಸಮಸಮ ಬೆರೆಸಿದರೆ ಸಕ್ಕರೆಯ ಗೊಡವೆ ಬೇಡ. ಎಣ್ಣೆಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ, ಗಜ್ಜರಿ, ಕೊತ್ತಂಬರಿ ದಂಟನ್ನು ಸಣ್ಣ ಉರಿಯಲ್ಲಿ ಬಾಡಿಸಿ, ಖೀಮಾ ಹಾಕಿ ಅದು ಬಿಟ್ಟ ನೀರೆಲ್ಲ ಇಂಗಿ ತಳ ಹಿಡಿಯತೊಡಗುವವರೆಗೆ ಹುರಿಯಬೇಕು. ಆಮೇಲಷ್ಟೇ ಟೊಮೆಟೊ. ಮಟನ್ ಖೀಮಾಕ್ಕೆ ಸಣ್ಣ ಉರಿಯಲ್ಲಿ ಒಂದು ಗಂಟೆಯಾದರೂ ಬೇಕು. ಸಾಸ್ ಹದಕ್ಕೆ ಬಂತೇ ಎಂದು ತಿಳಿಯಲು ಕಡಾಯಿಯ ತಳದಲ್ಲಿ ಸೌಟಿನಿಂದ ಒಂದು ಗೆರೆ ಎಳೆಯಿರಿ. ಗೆರೆಗೆ ನೀರು ಓಡಿ ಬಂದು ತುಂಬಿದರೆ ಇನ್ನೂ ಕುದಿಯಲಿ. ಗೆರೆ ಎರಡು ಕ್ಷಣ ನಿಂತು ನಿಧಾನಕ್ಕೆ ಮುಚ್ಚಿದರೆ ಕುದಿಸಿದ ಹಾಳೆಗೆ ಸರಿಯಾದ ಹದ.

ಖೀಮಾ ಬೇಡದವರಿಗೆ ಬದನೆಕಾಯಿ ಇದೆ. ಬಿಲ್ಲೆ ಕೊಯ್ದು ಉಪ್ಪು ಹಚ್ಚಿ ಅರ್ಧ ಗಂಟೆ ಇಟ್ಟರೆ ನೀರು ಬಿಡುತ್ತದೆ. ಹಿಂಡಿ ಹಂಚಿನ ಮೇಲೆ ಎಣ್ಣೆ ಬಿಟ್ಟು ಸುಟ್ಟುಕೊಳ್ಳಬೇಕು. ಹೀರೆಕಾಯಿ, ಸೋರೆಕಾಯಿ, ಅಣಬೆಗಳೂ ಹಾಗೇ, ತಮ್ಮ ನೀರನ್ನು ಬಾಣಲೆಯಲ್ಲೇ ಬಿಟ್ಟು ಬರಬೇಕು. ಪದರದೊಳಗೆ ಹೋಗಿ ಬಿಟ್ಟರೆ ಲೆಕ್ಕ ತಪ್ಪುತ್ತದೆ. ಎಣ್ಣೆಗಾಯಿಯ ಮಸಾಲೆ ಹಾಕುವ ಆಸೆಯಾದರೆ ಹಾಕಿ. ಶೇಂಗಾಪುಡಿ, ಗುರೆಳ್ಳು ಪುಡಿ ಸಾಸ್‌ನ ನೀರನ್ನು ಹೀರಿ ಗಟ್ಟಿ ಮಾಡುತ್ತವೆ, ಆದ್ದರಿಂದ ಅರ್ಧ ಬಟ್ಟಲು ಬಿಸಿನೀರು ಹೆಚ್ಚಿಗೆ ಇರಲಿ.

ಬಿಳಿ ಸಾಸ್‌ಗೆ ಬೆಷಮೆಲ್ ಎಂಬ ಹೆಸರು. ಫ್ರಾನ್ಸಿನ 14ನೇ ಲೂಯಿಯ ಆಸ್ಥಾನದ ಲೂಯಿ ದ ಬೆಷಮೇಯ ಎಂಬವನಿಂದ ಬಂದದ್ದು. ಮಾಡುವುದು ಸಲೀಸು: 50 ಗ್ರಾಂ ಬೆಣ್ಣೆಯಲ್ಲಿ 50 ಗ್ರಾಂ ಮೈದಾವನ್ನು ಬಣ್ಣ ಬರದಂತೆ ಎರಡು ನಿಮಿಷ ಹುರಿದು, ಮುಕ್ಕಾಲು ಲೀಟರ್ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ತಿರುವುವುದು. ಹಾಲು ಕಾಯುತ್ತಿದ್ದಂತೆ ಮೈದಾದ ಪಿಷ್ಟ ಉಬ್ಬಿ ಸಾಸ್ ಸೌಟಿನ ಬೆನ್ನಿಗೆ ಹತ್ತತೊಡಗುತ್ತದೆ. ನಮ್ಮ ಎಮ್ಮೆ ಹಾಲಿನಲ್ಲಿ ಕೊಬ್ಬು ಜಾಸ್ತಿ, ಬೆಣ್ಣೆಯನ್ನು 30 ಗ್ರಾಂಗೆ ಇಳಿಸಿ ಹಾಲಿಗೆ ಒಂದು ಪಾಲು ನೀರು ಬೆರೆಸಿದರೂ ಸಾಸ್ ಬಡವಾಗುವುದಿಲ್ಲ. ಜಾಯಿಕಾಯಿ ತುರಿ ಚಿಟಿಕೆ ಸಾಕು.

ಚೀಸ್ ವಿಷಯದಲ್ಲಿ ಎರಡು ಮಾತು. ಡಬ್ಬಿ, ಕ್ಯೂಬ್‌ಗಳಲ್ಲಿ ಬರುವ ಸಂಸ್ಕರಿತ ಚೀಸು ಕರಗುತ್ತದೆ, ಎಳೆ ಎಳೆಯಾಗಿ ಹಿಗ್ಗುವುದಿಲ್ಲ. ಎಳೆ ಬೇಕೆಂದರೆ ಮೊಝರೆಲ್ಲಾ ಬೇಕು. ಇಟಲಿಯ ಕಂಪಾನಿಯಾದಲ್ಲಿ ಅದರ ಹೆಸರುವಾಸಿ ಬಗೆ ಎಮ್ಮೆ ಹಾಲಿನದೇ. ರಿಕೋಟಾದ ಜಾಗಕ್ಕೆ ಮನೆಯಲ್ಲಿ ಹಾಲು ಒಡೆಸಿ, ಪೂರ್ತಿ ಹಿಂಡದೆ ಮೆತ್ತಗೆ ಉಳಿಸಿಕೊಂಡ ಪನೀರ್ ಚೆನ್ನಾಗಿ ಹೊಂದುತ್ತದೆ.

ಇನ್ನು ಖಾರ. ಹಾಲು, ಚೀಸು ಸೇರಿದ ಮೇಲೆ ಖಾರದ ಚುರುಕು ಇಳಿಯುತ್ತದೆ. ಚೀಸಿನಲ್ಲಿ ಉಪ್ಪು ಇರುವುದರಿಂದ ಒಟ್ಟು ಉಪ್ಪು ಏರುತ್ತದೆ. ಬರೀ ಸಾಸ್ ನೆಕ್ಕಿ ನೋಡುವಾಗ ಖಾರ ಒಂದು ಕೈ ಮುಂದೆ, ಉಪ್ಪು ಒಂದು ಕೈ ಹಿಂದೆ ಇರಬೇಕು. ಬಣ್ಣಕ್ಕೆ ಬ್ಯಾಡಗಿ, ಚುರುಕಿಗೆ ಗುಂಟೂರು. ಗರಂ ಮಸಾಲೆ ಮಾತ್ರ ಬೇಡ ಎನ್ನುತ್ತೇನೆ. ಲವಂಗ, ದಾಲ್ಚಿನ್ನಿ ಸೇರಿದರೆ ಹಾಲಿನ ಪದರವೆಲ್ಲ ಬಿರಿಯಾನಿಯ ವಾಸನೆ ಹಿಡಿಯುತ್ತದೆ.

ಖಟಕ್ ರೊಟ್ಟಿಯ ಪದರ

ಮಸ್ಕಿ, ಲಿಂಗಸುಗೂರಿನ ಮಳೆಯಾಶ್ರಿತ ಎರೆಯಲ್ಲಿ ಹಿಂಗಾರಿ ಬಿಳಿಜೋಳ ಇನ್ನೂ ಉಳಿದಿದೆ. ಗೋಧಿಯ ಹಾಳೆಯ ಬದಲು ಜೋಳದ ರೊಟ್ಟಿ ಇಟ್ಟರೆ ಹೇಗೆ ಎಂಬ ಯೋಚನೆ ಇಲ್ಲಿ ಯಾರಿಗಾದರೂ ಬಂದೇ ಬರುತ್ತದೆ. ಬಿಸಿ ಮೆತ್ತನೆ ರೊಟ್ಟಿ ಇಟ್ಟವರ ಲಸಾನ್ಯ ನುಚ್ಚಿನಂತಾಗುವುದು ಖಂಡಿತ. ಜೋಳದಲ್ಲಿ ಹಿಟ್ಟನ್ನು ಹಿಡಿದಿಡುವ ಗೋಧಿಯ ಅಂಟಿಲ್ಲ. ಎಸರು ಹಾಕಿ ನಾದಿದಾಗ ಪಿಷ್ಟ ಬೆಂದು ಕೊಡುವ ಬಿಗಿಯಷ್ಟೇ ಅದಕ್ಕಿರುವುದು. ಆಗಲೇ ನೀರು ಕುಡಿದಿರುವ ಮೆತ್ತನೆ ರೊಟ್ಟಿಗೆ ಸಾಸ್‌ನ ನೀರೂ ಸೇರಿದರೆ ಅದು ಕರಗದೆ ಇನ್ನೇನು ಮಾಡೀತು?

ಖಟಕ್ ರೊಟ್ಟಿಯ ಕಥೆ ಬೇರೆ. ತೆಳ್ಳಗೆ ಬಡಿದು, ಸುಟ್ಟು, ಒಣಗಿಸಿಟ್ಟ ಆ ರೊಟ್ಟಿಯಲ್ಲಿ ನೀರೇ ಇಲ್ಲ. ಎರಡೂ ಮೈಗೆ ಬಿಸಿನೀರು ಚಿಮುಕಿಸಿ ಒಂದು ನಿಮಿಷ ಬಿಟ್ಟರೆ ಮುರಿಯದೆ ಬಾಗುವಷ್ಟು ಮೆದುವಾಗುತ್ತದೆ. ಮಿಕ್ಕ ನೀರನ್ನು ಸಾಸ್‌ನಿಂದ ಹೀರುತ್ತದೆ, ಬೆಂದ ಮೇಲೂ ಪದರವಾಗಿಯೇ ಉಳಿಯುತ್ತದೆ. ದುಂಡು ಡಬರಿಗೆ ದುಂಡು ರೊಟ್ಟಿ ಇಟ್ಟರೆ ಮೂಲೆಗಳ ತಕರಾರೇ ಇಲ್ಲ.

ಇದನ್ನು ನಾವೇ ಕಂಡುಹಿಡಿದೆವೆಂದು ಬೀಗುವಂತಿಲ್ಲ. ಇಟಲಿಯ ಸಾರ್ಡೀನಿಯಾ ದ್ವೀಪದ ಕುರಿಗಾಹಿಗಳು ಬೆಟ್ಟಕ್ಕೆ ಹೋಗುವಾಗ ಪಾನೆ ಕರಸಾವು ಎಂಬ ತೆಳು ಒಣ ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದರು. ಎರಡು ಸಲ ಸುಟ್ಟದ್ದು, ತಿಂಗಳುಗಟ್ಟಲೆ ಕೆಡದ್ದು. ಅದನ್ನು ಬಿಸಿ ಮಾಂಸದ ತಿಳಿಯಲ್ಲಿ ಅದ್ದಿ, ನಡುವೆ ಟೊಮೆಟೊ ಸಾಸು, ತುರಿದ ಕುರಿಹಾಲಿನ ಚೀಸು ಹಾಕಿ ಪದರವೊಟ್ಟಿ, ಮೇಲೊಂದು ತತ್ತಿ ಇಟ್ಟರೆ ಪಾನೆ ಫ್ರಟ್ಟಾವು ಆಗುತ್ತದೆ. ನಮ್ಮ ಕರಾವಳಿಯಲ್ಲೂ ಕೋರಿ ರೊಟ್ಟಿ ಇದೇ ಲೆಕ್ಕದ ಊಟ. ಗರಿಗರಿ ಅಕ್ಕಿರೊಟ್ಟಿಯ ಮೇಲೆ ಕೋಳಿಸಾರು ಸುರಿದು, ಅದು ಎಷ್ಟು ಮೆತ್ತಗಾದಾಗ ತಿನ್ನಬೇಕೆಂಬುದನ್ನು ತಿನ್ನುವವರೇ ತೀರ್ಮಾನಿಸುತ್ತಾರೆ.

ಖಟಕ್ ರೊಟ್ಟಿಯ ಪದರಕ್ಕೆ ಪುಂಡಿಪಲ್ಲೆಯಷ್ಟು ಹೊಂದುವ ಹೂರಣ ಇನ್ನೊಂದಿಲ್ಲ. ಬೇಳೆ, ಜೋಳದ ನುಚ್ಚು ಹಾಕಿ ಬೇಯಿಸಿ, ಬಳ್ಳೊಳ್ಳಿ ಒಗ್ಗರಣೆ ಕೊಟ್ಟ ಪುಂಡಿಪಲ್ಲೆಯ ನೀರನ್ನು ನುಚ್ಚು ಮೊದಲೇ ಕುಡಿದಿರುತ್ತದೆ. ಎಚ್ಚರ ಬೇಕಾದದ್ದು ಹುಳಿಗೆ. ಪುಂಡಿಯ ಹುಳಿ ಹಾಲಿಗೆ ನೇರ ತಾಗಿದರೆ ಹಾಲು ಒಡೆಯುತ್ತದೆ. ಬಿಳಿ ಸಾಸ್‌ನಲ್ಲಿ ಮೈದಾ ಇರುವುದರಿಂದ ಸುಲಭಕ್ಕೆ ಒಡೆಯದಾದರೂ, ಎರಡನ್ನೂ ಒಟ್ಟಿಗೆ ಕಲಸಬಾರದು. ರೊಟ್ಟಿಯ ಕೆಳಗೆ ಪಲ್ಲೆ, ರೊಟ್ಟಿಯ ಮೇಲೆ ಬಿಳಿ ಸಾಸ್ ಎಂದು ನಡುವೆ ರೊಟ್ಟಿಯನ್ನೇ ಗೋಡೆ ಮಾಡಿಕೊಂಡರಾಯಿತು. ಪುಂಡಿ ಹಾಕಿದ ದಿನ ಟೊಮೆಟೊಕ್ಕೆ ರಜೆ. ಮೇಲಿನ ಚೀಸಿನ ಮೇಲೆ ಶೇಂಗಾಹಿಂಡಿ ಉದುರಿಸುವುದಾದರೆ ಕೊನೆಯ ಹತ್ತು ನಿಮಿಷ ಇರುವಾಗ, ಮೊದಲೇ ಹಾಕಿದರೆ ಕರಕಲು.

ಓವನ್ ಇಲ್ಲದ ಮನೆಯಲ್ಲಿ

ಓವನ್ ಇದ್ದವರು 180 ಡಿಗ್ರಿಯಲ್ಲಿ ಮೊದಲ 25 ನಿಮಿಷ ಫಾಯಿಲ್ ಮುಚ್ಚಿ, ಆಮೇಲೆ ತೆರೆದು 15 ನಿಮಿಷ ಬಿಟ್ಟರೆ ಕೆಲಸ ಮುಗಿಯಿತು. ಮುಚ್ಚಿದಾಗ ಹಾಳೆ ಬೇಯುತ್ತದೆ, ತೆರೆದಾಗ ಮೇಲ್ಮೈ ಕಂದಾಗುತ್ತದೆ. ನಡುವೆ ಕರೆಂಟು ಹೋದರೆ ಎರಡೂ ಕೆಟ್ಟಂತೆಯೇ, ನಮ್ಮ ಬೇಸಿಗೆಯ ಮಧ್ಯಾಹ್ನಗಳಲ್ಲಿ ಆ ಭಯ ಇದ್ದದ್ದೇ.

ಓವನ್ ಇಲ್ಲದೆ ಪದರ ಬೇಯಿಸುವುದನ್ನು ಕಲಿಯಲು ಇಟಲಿಗೆ ಹೋಗಬೇಕಿಲ್ಲ, ಕಾಸರಗೋಡಿಗೆ ಹೋದರೆ ಸಾಕು. ಕಾಸರಗೋಡಿನಿಂದ ತಲಶ್ಶೇರಿಯವರೆಗಿನ ಮುಸ್ಲಿಂ ಮನೆಗಳಲ್ಲಿ ರಂಜಾನ್ ತಿಂಗಳಲ್ಲಿ ಚಟ್ಟಿ ಪತ್ತಿರಿ ಮಾಡುತ್ತಾರೆ. ಮೈದಾ, ತತ್ತಿಯ ತೆಳು ದೋಸೆ ಹುಯ್ದು, ಒಂದೊಂದನ್ನೂ ತತ್ತಿ ಕದಡಿದ ಹಾಲಿನಲ್ಲಿ ಅದ್ದಿ, ನಡುವೆ ಮಸಾಲೆಯ ಮಾಂಸ ಹರವಿ ಪಾತ್ರೆಯಲ್ಲಿ ಒಟ್ಟುತ್ತಾರೆ. ಕೆಳಗೆ ಸಣ್ಣ ಉರಿ, ಮುಚ್ಚಳದ ಮೇಲೆ ಕೆಂಡ. ಇಲ್ಲಿ ಬಿಳಿ ಸಾಸ್‌ನ ಕೆಲಸವನ್ನು ತತ್ತಿ-ಹಾಲು ಮಾಡುತ್ತದೆ. ಬೇಯುತ್ತಿದ್ದಂತೆ ಗಟ್ಟಿಯಾಗಿ ಪದರಗಳನ್ನು ಒಂದಕ್ಕೊಂದು ಹಿಡಿಸುತ್ತದೆ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ನಮ್ಮ ಜಿಲ್ಲೆಗೂ ಮುಚ್ಚಳದ ಮೇಲಿನ ಕೆಂಡ ಹೊಸದಲ್ಲ. ಮದುವೆ ಮನೆಯ ದಮ್ ಬಿರಿಯಾನಿಯ ಹಂಡೆ ನೋಡಿದವರಿಗೆಲ್ಲ ಗೊತ್ತು.

ಗ್ಯಾಸ್ ಒಲೆಯ ಮೇಲೆ ಹೀಗೆ ಮಾಡಬಹುದು. ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಬೆರಳು ದಪ್ಪ ಹರಳುಪ್ಪು ಹರವಿ, ಅದರ ಮೇಲೆ ಸಣ್ಣ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಕುಕ್ಕರ್ ಆದರೆ ರಬ್ಬರ್, ಸೀಟಿ ಎರಡನ್ನೂ ತೆಗೆದಿಡಬೇಕು. ಒಟ್ಟಿದ ಡಬರಿಯನ್ನು ಒಳಗಿಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಚಾಕು ಚುಚ್ಚಿದರೆ ತಳದವರೆಗೆ ತಡೆಯಿಲ್ಲದೆ ಇಳಿಯಬೇಕು. ಮೇಲಿನ ಚೀಸು ಕರಗಿರುತ್ತದೆ, ಕಂದಾಗಿರುವುದಿಲ್ಲ. ಅದಕ್ಕೆ ಕಬ್ಬಿಣದ ರೊಟ್ಟಿ ಹಂಚನ್ನು ಚೆನ್ನಾಗಿ ಕಾಯಿಸಿ, ಇಕ್ಕಳದಿಂದ ಹಿಡಿದು ಚೀಸಿನ ಮೇಲೆ ಅರ್ಧ ಇಂಚು ಅಂತರದಲ್ಲಿ ಎರಡು ಮೂರು ನಿಮಿಷ ಹಿಡಿಯಿರಿ. ಚೀಸು ಚಿಟಪಟ ಎನ್ನುತ್ತ ಅಲ್ಲಲ್ಲಿ ಗುಳ್ಳೆಯೆದ್ದು ಕಂದಾಗುತ್ತದೆ.

ಇಳಿಸಿದ ಕೂಡಲೇ ಕೊಯ್ಯಬಾರದು. ಬಿಸಿಯಲ್ಲಿ ಸಾಸ್ ಇನ್ನೂ ಹರಿಯುತ್ತಿರುತ್ತದೆ. 15ರಿಂದ 20 ನಿಮಿಷ ಬಿಟ್ಟರೆ ಪಿಷ್ಟ ಬಿಗಿದು, ಹಾಳೆ ಕೊನೆಯ ಗುಟುಕು ಕುಡಿದು, ತುಂಡು ತುಂಡಾಗಿಯೇ ತಟ್ಟೆಗೆ ಬರುತ್ತದೆ.

ಆರು ಮಂದಿಗೆ ಅಳತೆ

ಹಾಳೆ: ಸಣ್ಣ ಬನ್ಸಿ ರವೆ 200 ಗ್ರಾಂ, ಬಿಸಿನೀರು ಸುಮಾರು 100 ಮಿಲಿ, ಅಥವಾ ಮೈದಾ 200 ಗ್ರಾಂ, ತತ್ತಿ 2, ಅಥವಾ ಖಟಕ್ ರೊಟ್ಟಿ 5.

ಕೆಂಪು ಸಾಸ್: ಟೊಮೆಟೊ 1 ಕಿಲೋ, ಖೀಮಾ 400 ಗ್ರಾಂ ಅಥವಾ ಸುಟ್ಟ ಬದನೆಕಾಯಿ ಅರ್ಧ ಕಿಲೋ, ಉಳ್ಳಾಗಡ್ಡಿ 2, ಗಜ್ಜರಿ 1, ಬಳ್ಳೊಳ್ಳಿ 8 ಎಸಳು, ಕೊತ್ತಂಬರಿ ದಂಟು ಒಂದು ಹಿಡಿ, ಖಾರಪುಡಿ 2 ಚಮಚ, ಎಣ್ಣೆ, ಉಪ್ಪು.

ಬಿಳಿ ಸಾಸ್: ಎಮ್ಮೆ ಹಾಲು ಅರ್ಧ ಲೀಟರ್, ನೀರು ಕಾಲು ಲೀಟರ್, ಬೆಣ್ಣೆ 30 ಗ್ರಾಂ, ಮೈದಾ 50 ಗ್ರಾಂ, ಜಾಯಿಕಾಯಿ ಚಿಟಿಕೆ.

ಮೇಲಕ್ಕೆ ಮತ್ತು ನಡುವೆ: ಮೊಝರೆಲ್ಲಾ ಅಥವಾ ಮೆತ್ತನೆ ಪನೀರ್ 200 ಗ್ರಾಂ.

ಒಟ್ಟುವ ಕ್ರಮ: ತಳಕ್ಕೆ ತೆಳು ಸಾಸ್, ಹಾಳೆ, ಕೆಂಪು, ಬಿಳಿ, ಸ್ವಲ್ಪ ಚೀಸು, ಹೀಗೆ ನಾಲ್ಕು ಸಲ. ಎಲ್ಲಕ್ಕೂ ಮೇಲೆ ಬಿಳಿ ಸಾಸ್ ಮತ್ತು ಉಳಿದ ಚೀಸು. ಹಾಳೆಯನ್ನು ಕುದಿಸದೆ ಹಸಿಯಾಗಿ ಇಟ್ಟರೆ ಕೆಂಪು ಸಾಸ್‌ಗೆ ಅರ್ಧ ಲೋಟ ನೀರು ಹೆಚ್ಚು, ಬೇಯಿಸುವ ಹೊತ್ತು ಹತ್ತು ನಿಮಿಷ ಹೆಚ್ಚು.

ಯಾರ ಮನೆಗೆ ಯಾವುದು

ರುಚಿ ಎಂದರೆ ನಾಲಗೆಯ ಇಷ್ಟ ಮಾತ್ರವೇ ಅಲ್ಲ, ಮನೆಯ ನೇಮವೂ ಹೌದು. ಶ್ರಾವಣ ಬಂದರೆ ಖೀಮಾ, ತತ್ತಿಗಳಿಗೆ ಬಿಡುವು. ಬನ್ಸಿ ರವೆಯ ಹಾಳೆ, ಬದನೆಕಾಯಿ, ಪನೀರ್ ಸಾಕು. ಉಳ್ಳಾಗಡ್ಡಿ ಬಳ್ಳೊಳ್ಳಿ ತಿನ್ನದವರಿಗೆ ಜೀರಿಗೆ ಒಗ್ಗರಣೆಯ ಟೊಮೆಟೊ ಸಾಸ್, ಚಿಟಿಕೆ ಇಂಗು. ರಂಜಾನ್ ಇಫ್ತಾರಿಗೆ ಖೀಮಾದ್ದೇ ಮೇಲು. ಬೆಳಿಗ್ಗೆಯೇ ಒಟ್ಟಿ ಫ್ರಿಜ್ಜಿನಲ್ಲಿಟ್ಟು ಸಂಜೆ ಬೇಯಿಸಬಹುದು, ಆದರೆ ಅಷ್ಟು ಹೊತ್ತಿನಲ್ಲಿ ಹಾಳೆ ನೀರು ಕುಡಿದಿರುವುದರಿಂದ ಸಾಸ್ ತುಸು ತೆಳ್ಳಗಿರಲಿ. ಹಲ್ಲಿಲ್ಲದ ಅಜ್ಜನಿಗೆ ಇನ್ನಷ್ಟು ಮೆತ್ತಗೆ ಬೇಕು, ಕಾಲೇಜಿನ ಹುಡುಗರಿಗೆ ಅಂಚಿನ ಗರಿಗರಿಯೇ ಬೇಕು. ಒಂದೇ ಡಬರಿಯಲ್ಲಿ ಎರಡೂ ಇರುತ್ತವೆ, ನಡುವಿನದು ಅವರಿಗೆ, ಅಂಚಿನದು ಇವರಿಗೆ. ಮರುದಿನ ಉಳಿದರೆ ತುಂಡನ್ನು ಹಂಚಿನ ಮೇಲೆ ಎಣ್ಣೆ ಬಿಟ್ಟು ಎರಡೂ ಕಡೆ ಸುಟ್ಟುಕೊಳ್ಳಿ, ಮೊದಲ ದಿನಕ್ಕಿಂತ ಅದೇ ರುಚಿ ಎನ್ನುವವರೂ ಇದ್ದಾರೆ.

ನಮ್ಮವ್ವನ ತಕರಾರು ಚೀಸಿನದು. ಇಡೀ ಅಡುಗೆಯಲ್ಲಿ ಎಲ್ಲಕ್ಕಿಂತ ದುಬಾರಿ ಸಾಮಾನು ಅದೇ, ಎಲ್ಲಕ್ಕಿಂತ ಸಪ್ಪೆಯೂ ಅದೇ ಎಂಬುದು ಆಕೆಯ ವಾದ. “ಅದರ ಬದ್ಲಿ ಗಟ್ಟಿ ಕೆನಿ ಸವರಿ ಮ್ಯಾಲ ಶೇಂಗಾಹಿಂಡಿ ಉದುರ್ಸು, ಜ್ವಾಳದ ರೊಟ್ಟಿಗೆ ಅದ ಬರೋಬ್ಬರಿ” ಎಂದಳು. ಮಾಡಿದೆವು. ಖಟಕ್ ರೊಟ್ಟಿ, ಪುಂಡಿಪಲ್ಲೆ, ಬಿಳಿ ಸಾಸ್, ಕೆನೆ, ಹಿಂಡಿ. ಮಕ್ಕಳು ಚೀಸ್ ಎಲ್ಲಿ ಎಂದು ಹುಡುಕಿದರು, ದೊಡ್ಡವರು ಎರಡನೇ ಸಲ ಬಡಿಸಿಕೊಂಡರು. ಇದನ್ನು ಲಸಾನ್ಯ ಎಂದು ಕರೆಯಲು ಬೊಲೊನ್ಯಾದವರು ಒಪ್ಪದಿರಬಹುದು. ಅಧಿಕೃತವಾಗಿ ಬರೆದಿಟ್ಟ ತಮ್ಮದೇ ರಗುವನ್ನು 41 ವರ್ಷಕ್ಕೆ ತಿದ್ದಿಕೊಂಡವರು ಅವರು. ನಾವು ಅಷ್ಟು ಕಾಲ ಕಾಯಲಿಲ್ಲ, ಅಷ್ಟೇ.